ಕ್ರೇಪಕ್ಕನ ಎಡಗೈ

ಡ್ರೈವರಣ್ಣನ ರಕ್ತದಲ್ಲಿ ಸಕ್ಕರೆ ಏರಿದೆ ಎಂಬ ಸುದ್ದಿ ಕೇಳಿ ಬೀದಿಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಕ್ರೇಪಕ್ಕನಂಥವಳನ್ನು ಕಟ್ಟಿಕೊಂಡು, ಅವಳ ಅಂಗಡಿಯ ಮೇಲಿನ ಮಹಡಿಯಲ್ಲೇ ವಾಸವಿದ್ದು, ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ತೆಳು ದೋಸೆಯಂಥ ಮೈದಾದ ಕ್ರೇಪು ನಾಲ್ಕು ತಿಂದವನಿಗೆ ಸಕ್ಕರೆ ಕಾಯಿಲೆಯಲ್ಲದೆ ಇನ್ನೇನು ಬಂದೀತು? ಬೆಚ್ಚಿದವರು ಡಿಪೋದ ಡಾಕ್ಟರು ಕೊಟ್ಟ ಚೀಟಿ ಓದಿದ ಗಂಡ ಹೆಂಡತಿ ಇಬ್ಬರೇ. ಮೂರು ತಿಂಗಳ ಸಕ್ಕರೆಯ ಸರಾಸರಿ ಶೇಕಡಾ ಒಂಬತ್ತೂವರೆ ಇದೆ, ಎಂಟರೊಳಗೆ ಇಳಿಯಬೇಕು. ಅದಕ್ಕೆ ಮೂರು ತಿಂಗಳ ಗಡುವು. ಅಲ್ಲಿಯ ತನಕ ಸ್ಟೀರಿಂಗ್ ಮುಟ್ಟುವಂತಿಲ್ಲ, ಇಳಿಯದಿದ್ದರೆ ಆಮೇಲೂ ಮುಟ್ಟುವಂತಿಲ್ಲ.

ಬಸ್ಸು ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲದ ಮನುಷ್ಯ ಅವನು. ಏಳನೇ ನಂಬರಿನ ಬಸ್ಸಿಗೆ ಅವನು ಬ್ರೇಕ್ ಹಾಕಿದರೆ ನಿಂತ ಮುದುಕಿಯರೂ ಅಲುಗುತ್ತಿರಲಿಲ್ಲ. ಅಂಥವನನ್ನು ಡಿಪೋದ ಗಾಜಿನ ಕೋಣೆಯಲ್ಲಿ ಕೂರಿಸಿ, ಬಸ್ಸು ಹೊರಟ ಹೊತ್ತು, ಬಂದ ಹೊತ್ತು ಬರೆಯಲು ಹಚ್ಚಿದರು. ತನ್ನ ಬಸ್ಸನ್ನು ಬೇರೆ ಯಾರೋ ಗೇಟಿನಾಚೆ ಓಡಿಸಿಕೊಂಡು ಹೋಗುವಾಗ ಗೇರು ಕರಕರ ಎನ್ನುವುದನ್ನು ಕೇಳಿ ಅವನ ಹೊಟ್ಟೆ ಉರಿಯುತ್ತಿತ್ತು.

"ನಾಳೆಯಿಂದ ಕ್ರೇಪು ಬಿಟ್ಟೆ ಕಣೇ," ಎಂದ ಮೊದಲ ದಿನವೇ.

"ಬಿಡೋದಾ? ನನ್ನ ಕೈಯಡುಗೆ ಬಿಟ್ಟು ಡಿಪೋ ಕ್ಯಾಂಟೀನಲ್ಲಿ ಸೌತೆಕಾಯಿ ಕಡೀತಾ ಕೂತ್ಕೋತೀರಾ? ನಿಮ್ಮನ್ನ ಕೆಡಿಸಿದ್ದು ಮೈದಾ ರೀ, ಕ್ರೇಪಲ್ಲ. ಮೈದಾ ಇಲ್ದೆ ಮಾಡಿ ತೋರಿಸ್ತೀನಿ, ನೋಡ್ತಿರಿ!"

ಕ್ರೇಪಕ್ಕನ ಗರ್ವ ಸುಮ್ಮನೆ ಬಂದದ್ದಲ್ಲ. ಎರಡು ಕಾವಲಿಗಳ ಮುಂದೆ ನಿಂತು ಬೆಳಿಗ್ಗೆ ಎರಡೇ ತಾಸಿನಲ್ಲಿ ನೂರು ಕ್ರೇಪು ಹುಯ್ಯುತ್ತಿದ್ದಳು, ಒಂದೊಂದೂ ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ಗಿರಾಕಿಯ ಜೊತೆ ಮಾತು ಒಂದು ಕಡೆ, ಕೈ ಇನ್ನೊಂದು ಕಡೆ. ಕಾವಲಿ ಕಾದಿದೆಯೋ ಇಲ್ಲವೋ ಎಂಬುದನ್ನು ಹಿಟ್ಟು ಬಿದ್ದ ಸದ್ದಿನಲ್ಲೇ ಹೇಳುತ್ತಿದ್ದಳು. ಹರಿದ ಕ್ರೇಪು ಅವಳ ಅಂಗಡಿಯ ತಟ್ಟೆಗೆ ಬಂದದ್ದನ್ನು ಕಂಡವರಿಲ್ಲ. ಡಿಪೋದ ಅರ್ಧ ಜನ ಅವಳ ಗಿರಾಕಿಗಳು, ಚೀಟಿ ಕೊಟ್ಟ ಡಾಕ್ಟರೂ ಸೇರಿ. ಇಷ್ಟಿದ್ದ ಮೇಲೆ ಹೆಂಗಸು ಕೊಂಚ ಮೂಗೆತ್ತಿ ನಡೆದರೆ ತಪ್ಪೇನು? ಡ್ರೈವರಣ್ಣನಿಗಂತೂ ಆ ಎತ್ತಿದ ಮೂಗೆಂದರೆ ಮದುವೆಯಾದ ದಿನದಿಂದಲೂ ಹೆಮ್ಮೆ.

ಅವಳು ಪುಸ್ತಕ ತಿರುವಿದಳು, ಔಷಧಿ ಅಂಗಡಿಯವನ ತಲೆ ತಿಂದಳು, ಕೊನೆಗೆ ಲೆಕ್ಕ ಕಟ್ಟಿದಳು. ಮೂರು ಮೊಟ್ಟೆ, ಮೂರು ಚಮಚ ಬಾದಾಮಿ ಹಿಟ್ಟು, ಒಂದು ತುಂಡು ಮೆತ್ತನೆಯ ಕ್ರೀಮ್ ಚೀಸ್, ಚಿಟಿಕೆ ಉಪ್ಪು. ಒಳಗೆ ಒಂದು ದಿನ ಬೆಣ್ಣೆಯಲ್ಲಿ ಬಾಡಿಸಿದ ಪಾಲಕ್ ಮತ್ತು ಅಣಬೆ, ಇನ್ನೊಂದು ದಿನ ಸಕ್ಕರೆ ಹಾಕದ ಕ್ರೀಮಿನ ಮೇಲೆ ನಾಲ್ಕೇ ನಾಲ್ಕು ಸ್ಟ್ರಾಬೆರಿ, ದಾಲ್ಚಿನ್ನಿ ಪುಡಿ. ದಿನಾ ಬೆಳಿಗ್ಗೆ ಅವನು ಮೇಲೆ ಸ್ನಾನ ಮಾಡುವಷ್ಟರಲ್ಲಿ ಕೆಳಗೆ ಅಂಗಡಿಯಲ್ಲಿ ಮಾಡಿ ಡಬ್ಬಿಗೆ ತುಂಬಿಡುತ್ತಿದ್ದಳು.

ಮೊದಲ ಡಬ್ಬಿ ತೆರೆದು ಅವನು ದಂಗಾದ. ಬಾದಾಮಿ ಹಿಟ್ಟು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕ್ರೇಪು ಹರಿದು ಚೂರಾಗುತ್ತದೆ ಎಂದು ಔಷಧಿ ಅಂಗಡಿಯವನು ಹೆದರಿಸಿದ್ದ. ಇಲ್ಲಿ ನೋಡಿದರೆ ನಾಲ್ಕು ಮಡಿಕೆಯ ಕ್ರೇಪು, ಅಂಚಿನಲ್ಲಿ ಒಂದು ಬಿರುಕೂ ಇಲ್ಲ. "ಮೊದಲು ನಮ್ಮನೆಯವರ ಮೇಲೆ ಪರೀಕ್ಷೆ ಆಗ್ಲಿ, ಆಮೇಲೆ ಅಂಗಡಿಯಲ್ಲೂ ಮಾರ್ತೀನಿ," ಎಂದು ಅವಳು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು.

ಆದರೆ ರಕ್ತ ಪರೀಕ್ಷಿಸುವ ಪುಟ್ಟ ಮೆಷಿನ್‌ಗೆ ಅವಳ ಹೆಸರಿನ ಹಂಗಿರಲಿಲ್ಲ. ಬೆಳಿಗ್ಗೆ ಎದ್ದಾಗ ಅಂಕಿ ಪರವಾಗಿಲ್ಲ. ತಿಂಡಿ ತಿಂದು ಎರಡು ತಾಸು ಬಿಟ್ಟು ಬೆರಳು ಚುಚ್ಚಿದರೆ ಇನ್ನೂರ ಮೂವತ್ತು, ಇನ್ನೂರ ನಲವತ್ತು. ಡಾಕ್ಟರು ಹೇಳಿದಂತೆ ಅವನು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದ. ಆರು ವಾರ ಹೀಗೇ ನಡೆಯಿತು. ಕ್ರೇಪಕ್ಕನ ಕಣ್ಣು ಪುಸ್ತಕದಿಂದ ಗಂಡನ ಮೇಲೆ ತಿರುಗಿತು.

"ಡಿಪೋದಲ್ಲಿ ಏನು ತಿಂತಿದ್ದೀರಿ?"

"ನೀನು ಕೊಟ್ಟಿದ್ದು ಬಿಟ್ರೆ ನೀರು ಕಣೇ. ಆಣೆ ಮಾಡ್ಲಾ?"

"ಆಣೆ ಯಾಕೆ ಬೇಕು? ಮೆಷಿನ್ ಹೇಳ್ತಿದೆಯಲ್ಲ. ನಾನು ಅಳೆದು ತೂಗಿ ಹಾಕ್ತೀನಿ, ನನ್ನ ಹಿಟ್ಟಲ್ಲಿ ಒಂದು ಕಾಳು ಸಕ್ಕರೆ ಇಲ್ಲ. ಇನ್ನೆಲ್ಲಿಂದ ಬಂತು, ಆಕಾಶದಿಂದ ಉದುರ್ತಾ? ಈ ವಯಸ್ಸಲ್ಲಿ ಹೆಂಡ್ತಿ ಹತ್ರ ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?"

ನಿಜ ಹೇಳಿಯೂ ಕಳ್ಳನೆನಿಸಿಕೊಳ್ಳುವ ಸಂಕಟ ಅನುಭವಿಸಿದವರಿಗೇ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಎಲ್ಲಾದರೂ ಮೈಮರೆತು ಬಿಸ್ಕತ್ತು ತಿಂದೆನೇ ಎಂದು ಅವನೇ ತನ್ನ ಜೇಬು ತಡಕಿದ. ಏನೂ ಸಿಗಲಿಲ್ಲ. ಮೂರನೆಯ ದಿನ ಸ್ನಾನ ಬಿಟ್ಟು ನೇರ ಅಂಗಡಿಗಿಳಿದು, ಮೂಲೆಯ ಸ್ಟೂಲಿನ ಮೇಲೆ ಕೂತ.

"ಏನು, ಕಾವಲಾ?" ಎಂದಳು ತಿರುಗದೆ.

"ಸುಮ್ನೆ ನೋಡೋಣ ಅಂತ ಬಂದೆ."

ಅವಳ ಬೆನ್ನು ಅವನ ಕಡೆಗಿತ್ತು. ಮೂವತ್ತು ವರ್ಷ ಕನ್ನಡಿ ನಂಬಿ ಬದುಕಿದ ಡ್ರೈವರನಿಗೆ ಬೆನ್ನು ಅಡ್ಡವಾದರೇನು? ಒಲೆಯ ಹಿಂದಿನ ಸ್ಟೀಲ್ ಹಲಗೆ ಥಳಥಳ ಹೊಳೆಯುತ್ತಿತ್ತು, ಅದರಲ್ಲಿ ಅವಳ ಎರಡು ಕೈಯೂ ಕಾಣುತ್ತಿದ್ದವು. ನೋಡುತ್ತ ನೋಡುತ್ತ ಅವನು ಬಂದ ಕೆಲಸವನ್ನೇ ಮರೆತ. ಬಲಗೈ ಸೌಟೆತ್ತಿ ಹಿಟ್ಟು ಹುಯ್ಯುತ್ತದೆ, ಮಣಿಕಟ್ಟು ಒಂದು ಸುತ್ತು ತಿರುಗುತ್ತದೆ, ಹಿಟ್ಟು ಕಾವಲಿಯ ಅಂಚಿನವರೆಗೆ ಹರಿದು ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ಇಷ್ಟು ವರ್ಷ ತಟ್ಟೆಯಲ್ಲಿದ್ದುದನ್ನು ತಿಂದೆ, ಈ ಕೈಯನ್ನು ನೋಡಲೇ ಇಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು.

ಮೊದಲ ಕ್ರೇಪಿನ ನಡುವೆ ಸಣ್ಣ ಬಿರುಕು ಬಿಟ್ಟಿತು. ಆಗ ಬಾಗಿಲಲ್ಲಿ ಯಾರೋ ಗಿರಾಕಿ ಅವಳನ್ನು ಕೂಗಿದರು. ಅವಳು ನಗುತ್ತ ಉತ್ತರ ಕೊಟ್ಟಳು. ಬಲಗೈಯ ಸೌಟು ಪಾತ್ರೆಯೊಳಗೆ ಒಮ್ಮೆ ಆಡಿ, ಹಿಟ್ಟು ನೀರಾಗಿದೆ ಎಂದು ಕಂಡುಕೊಂಡಿತು. ಎಡಗೈ ತಾನೇ ತಾನಾಗಿ ಕಟ್ಟೆಯ ಕೆಳಗಿನ ಡಬ್ಬಕ್ಕೆ ಇಳಿದು, ಒಂದು ಹಿಡಿ ಮೈದಾ ತಂದು ಪಾತ್ರೆಗೆ ಉದುರಿಸಿತು. ಬಲಗೈ ಕಲಸಿತು. ಅವಳು ಗಿರಾಕಿಯ ಮಗಳ ಪರೀಕ್ಷೆಯ ವಿಷಯ ಕೇಳುತ್ತಿದ್ದಳು. ಇನ್ನೆರಡು ಕ್ರೇಪು ಆದ ಮೇಲೆ ಎಡಗೈ ಮತ್ತೆ ಇಳಿಯಿತು, ಮತ್ತೆ ಒಂದು ಹಿಡಿ.

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು! ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ಗಿರಾಕಿ ಹೋಗುವವರೆಗೆ ಕಾದು ಮೆಲ್ಲನೆ ಹೇಳಿದ. "ಮೈದಾ ಹಾಕ್ತಿದ್ದೀಯ ಕಣೇ."

"ಯಾರು, ನಾನಾ? ಕಣ್ಣು ತೋರಿಸ್ಕೊಳ್ಳಿ. ಕಾಯಿಲೆ ಕಣ್ಣಿಗೂ ಹತ್ತಿರಬೇಕು."

"ನನ್ನ ಕಣ್ಣು ಬಿಡು. ನಿನ್ನ ಎಡಗೈ ನೋಡ್ಕೋ."

ಅವಳು ನೋಡಿಕೊಂಡಳು. ಅಂಗೈ ಬೆಳ್ಳಗಿತ್ತು. ಬೆರಳು ತಿಕ್ಕಿ ನೋಡಿದಳು. ಬಾದಾಮಿಯಾಗಿದ್ದರೆ ತರಿತರಿಯಾಗಿ ಎಣ್ಣೆ ಅಂಟಬೇಕು, ಇದು ಪೌಡರಿನಂತೆ ನುಣ್ಣಗೆ ಜಾರಿತು. ಹಿಟ್ಟು ಯಾವುದೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಮೂವತ್ತೊಂದು ವರ್ಷದ ಕೈಗುಣವೂ ಹಾಗೆಯೇ. ಹಿಟ್ಟು ತೆಳುವಾದರೆ ಒಂದು ಹಿಡಿ ಎಂದು ಆ ಕೈಗೆ ಕಲಿಸಿದವಳು ಅವಳೇ, ಅದಕ್ಕೆ ಈಗ ತಲೆಯ ಅಪ್ಪಣೆ ಬೇಕಿರಲಿಲ್ಲ. ಹರಿಯದ ಕ್ರೇಪಿನ ಗುಟ್ಟೂ ಅದೇ, ಗಂಡನ ಪುಸ್ತಕದ ಇನ್ನೂರ ನಲವತ್ತರ ಗುಟ್ಟೂ ಅದೇ. ಅವಳ ಮುಖದ ಬಣ್ಣ ಇಳಿಯಿತು. ಒಲೆ ಆರಿಸಿ, ಕೈ ತೊಳೆದು, ಮಹಡಿ ಹತ್ತಿದಳು.

ಅವಳಿಗೆ ತಪ್ಪೊಪ್ಪಿಕೊಂಡು ಗೊತ್ತಿರಲಿಲ್ಲ, ದುಡಿದು ಗೊತ್ತಿತ್ತು. ಮರುದಿನದಿಂದ ಅಂಗಡಿ ತೆರೆಯುವ ಮುಂಚೆ, ಮೈದಾ ಡಬ್ಬದ ಮುಚ್ಚಳಕ್ಕೆ ದಾರ ಬಿಗಿದು ಗಂಟು ಹಾಕಿ, ಗಂಡನ ಕ್ರೇಪಿಗೆ ನಿಂತಳು. ಎಡಗೈ ದಿನಾ ಹೋಗಿ ದಾರ ಮುಟ್ಟಿ ವಾಪಸು ಬರುತ್ತಿತ್ತು. ಕ್ರೇಪು ಹರಿಯಿತು. ಮಗುಚುವಾಗ ಹರಿಯಿತು, ಎತ್ತುವಾಗ ಹರಿಯಿತು, ಮಡಿಸುವಾಗ ಮೂರು ಚೂರಾಯಿತು. ನಿನ್ನೆ ಮೊನ್ನೆ ಸೌಟು ಹಿಡಿದವಳ ಹಾಗೆ ಮೊದಲಿಂದ ಕಲಿತಳು. ಕಲಸಿದ್ದನ್ನು ಕಾಲು ಗಂಟೆ ಬಿಟ್ಟಳು. ದೊಡ್ಡ ಕಾವಲಿ ಪಕ್ಕಕ್ಕಿಟ್ಟು ಅಂಗೈಯಗಲದ ಸಣ್ಣದು ತಂದಳು. ಉರಿ ಇಳಿಸಿ, ಮೇಲೆ ತಟ್ಟೆ ಮುಚ್ಚಿ ಹಬೆಯಲ್ಲೇ ಬೇಯಿಸಿ, ಮಗುಚುವ ಕೆಲಸವನ್ನೇ ಬಿಟ್ಟಳು. ಔಷಧಿ ಅಂಗಡಿಯವನು ಹೊಟ್ಟೆ ಕಟ್ಟಿದವರಿಗೆ ಕೊಡುವ ಇಸಬಗೋಲು ಅರ್ಧ ಚಮಚ ಬೆರೆಸಿದಾಗ ಹಿಟ್ಟಿಗೆ ಹಿಡಿತ ಬಂತು. ಇಷ್ಟಕ್ಕೆ ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನವೂ ಅವನು ಸ್ಟೂಲಿನ ಮೇಲೆ ಕೂತು ಚೂರುಗಳನ್ನೇ ಚಮಚದಲ್ಲಿ ತಿಂದ. ಸೋತ ಕೈ ಮತ್ತೆ ಒಲೆಗೆ ಹೋಗುವುದನ್ನು ನೋಡುವಾಗ, ಗೆದ್ದ ಕೈಯನ್ನು ನೋಡಿದ ದಿನಕ್ಕಿಂತ ಅವನ ಎದೆ ಹೆಚ್ಚು ತುಂಬುತ್ತಿತ್ತು. ಪುಸ್ತಕದಲ್ಲಿ ಅಂಕಿ ನೂರ ಐವತ್ತಕ್ಕೆ ಇಳಿಯಿತು, ನೂರ ನಲವತ್ತಕ್ಕೆ ಇಳಿಯಿತು.

ಗಡುವು ಮುಗಿದ ದಿನ ಇಬ್ಬರೂ ಡಾಕ್ಟರ ಮುಂದೆ ಕೂತರು. ಪಕ್ಕದಲ್ಲಿ ನರ್ಸಮ್ಮ, ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಸರದಿ ಕಾಯುವ ಡಿಪೋದ ಐದಾರು ಜನ.

"ಏಳು ಪಾಯಿಂಟ್ ಒಂಬತ್ತು," ಎಂದರು ಡಾಕ್ಟರು. "ಅಂಚಿನಲ್ಲಿದೆ, ಆದ್ರೂ ಎಂಟರೊಳಗೆ ಬಂತು. ಒಂದೇ ಅನುಮಾನ. ನಿಮ್ಮ ಪುಸ್ತಕದಲ್ಲಿ ಮೊದಲ ಆರು ವಾರ ತಿಂಡಿ ಆದ್ಮೇಲೆ ಇಷ್ಟೊಂದು ಏರಿದೆ, ಆಮೇಲೆ ಇಳಿದಿದೆ. ಏನಾಗಿತ್ತು?"

ಡ್ರೈವರಣ್ಣ ಬೆಂಚಿನ ಕಡೆ ನೋಡಿದ. ಎಲ್ಲ ಅವಳ ಗಿರಾಕಿಗಳೇ. ಇವಳು ಮೂವತ್ತೊಂದು ವರ್ಷ ಕಟ್ಟಿದ ಹೆಸರು, ಗಂಡನಿಗೇ ಮೈದಾ ತಿನ್ನಿಸಿದಳಂತೆ ಎಂಬ ಒಂದು ನಗೆಮಾತಿಗೆ ಹಾಳಾಗಬೇಕೇ?

"ಬಾಯಿ ಚಪಲ ಡಾಕ್ಟ್ರೇ," ಎಂದ. "ಕ್ಯಾಂಟೀನಲ್ಲಿ ಕದ್ದು ತಿಂದೆ."

ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು. "ನಿಜ ಹೇಳಿದ್ರಲ್ಲ, ಸಂತೋಷ. ಆದ್ರೆ ಕದ್ದು ತಿನ್ನೋರು ಮತ್ತೆ ತಿಂತಾರೆ ಡ್ರೈವರಣ್ಣ. ಬಸ್ಸಲ್ಲಿ ಅರವತ್ತು ಜನ ಇರ್ತಾರೆ. ಇನ್ನೂ ಮೂರು ತಿಂಗಳು ನೋಡೋಣ. ಅಷ್ಟರಲ್ಲಿ ಏಳನೇ ನಂಬರನ್ನ ಬೇರೆಯವರಿಗೆ ಕಾಯಂ ಮಾಡ್ತಾರೋ ಏನೋ, ಅದು ನನ್ನ ಕೈಲಿಲ್ಲ."

ಅವನು ತಲೆಯಾಡಿಸಿದ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಕೈಯೂರಿ ಎದ್ದು ನಿಂತ.

ಕ್ರೇಪಕ್ಕ ಏಳಲಿಲ್ಲ.

"ಕೂತ್ಕೊಳ್ರೀ," ಎಂದಳು. ದನಿ ಅಂಗಡಿಯಲ್ಲಿ ಬೀದಿಯಾಚೆಯ ಗಿರಾಕಿಯನ್ನು ಕರೆಯುವಾಗಿನದು, ಬೆಂಚಿನವರೆಲ್ಲ ಇತ್ತ ತಿರುಗಿದರು. "ಡಾಕ್ಟ್ರೇ, ಇವರು ಒಂದು ತುತ್ತೂ ಕದ್ದು ತಿಂದಿಲ್ಲ. ನಾನು ತಿನ್ನಿಸ್ದೆ. ಮೈದಾ ಹಾಕಬಾರದು ಅಂತ ಊರಿಗೆಲ್ಲ ಹೇಳ್ಕೊಂಡು, ನನ್ನ ಕೈಯಾರೆ ದಿನಾ ಎರಡು ಮೂರು ಹಿಡಿ ಹಾಕ್ದೆ. ಆ ಕೈಗೆ ಅಷ್ಟು ರೂಢಿ, ನಂಗೇ ಗೊತ್ತಾಗ್ಲಿಲ್ಲ. ಕಂಡು ಹಿಡಿದಿದ್ದು ಇವರು. ಆವತ್ತಿಂದ ಇಳೀತು. ಬೇಕಿದ್ರೆ ನಾಳೆ ಅಂಗಡಿಗೆ ಬಂದು ನಿಂತು ನೋಡಿ."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಅತ್ತ ನೋಡಲೂ ಇಲ್ಲ. ಡಾಕ್ಟರು ಪುಸ್ತಕದ ಪುಟ ಹಿಂದೆ ಮುಂದೆ ತಿರುವಿದರು, ಏರಿದ ಅಂಕಿ ಇಳಿದ ತಾರೀಖನ್ನು ಬೆರಳಿಟ್ಟು ನೋಡಿದರು, ಗಂಡನನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿದರು. ಪೆನ್ನಿನ ಕ್ಯಾಪು ತೆಗೆದು ಸಹಿ ಹಾಕಿದರು.

ಡಿಪೋದ ಅಂಗಳ ದಾಟುವಾಗ ಚೀಟಿ ಡ್ರೈವರಣ್ಣನ ಜೇಬಿನಲ್ಲಿತ್ತು, ಸಂತೋಷ ಮಾತ್ರ ಅರ್ಧ.

"ಏನಂತ ಹೇಳ್ಬಿಟ್ಟೆಯೇ! ಸಂಜೆಯೊಳಗೆ ಬೀದಿಯೆಲ್ಲ ನಗುತ್ತೆ."

"ನಗ್ಲಿ," ಎಂದಳು. ಆಮೇಲೆ ಅವಳ ದನಿ ಒಡೆಯಿತು. "ಆರು ವಾರ ನೀವು ನಿಜ ಹೇಳಿದ್ರಿ, ನಾನು ಸುಳ್ಳುಗಾರ ಅಂದೆ. ಇವತ್ತು ನನಗೋಸ್ಕರ ನಿಜವಾಗ್ಲೂ ಸುಳ್ಳುಗಾರ ಆಗೋಕೆ ಹೊರಟ್ರಲ್ಲ. ಅದನ್ನ ನೋಡ್ಕೊಂಡು ಹೇಗ್ರೀ ಸುಮ್ನಿರ್ಲಿ?"