ತಗಡು ಹೊದಿಸಿದ ಡಬ್ಬಿ

ಮಳೆ ಹಿಂದೆ ಸರಿದು ಭಾದ್ರಪದದ ಬಿಸಿಲು ಚಾಳಿನ ಗ್ಯಾಲರಿಗೆ ಬಿದ್ದಿದೆ, ಪ್ಲೈವುಡ್ ಒಣಗಿ ಗರಗಸಕ್ಕೆ ಹಗುರಾಗಿದೆ, ಹೊಟ್ಟಿನ ವಾಸನೆ ಗದಿಗೆಪ್ಪನ ಮೂಗಿಗೆ ಹತ್ತಿಕೊಂಡೇ ಇದೆ — ಘಾಟ್ಕೋಪರಿನಲ್ಲಿ ಯಾರ ಯಾರ ಮನೆಗೋ ಕಪಾಟು ಮಾಡಿದ, ತನ್ನ ಮನೆಗೆ ಇದೇ ಮೊದಲು, ಒಂದೇ ಖೋಲಿ, ಎರಡು ಸಂಸಾರ, ಕಾಲಿಟ್ಟಲ್ಲಿ ಸಾಮಾನು. ತಮ್ಮ ಶರಣ ಮೊಬೈಲಿನಲ್ಲಿ ಚಿತ್ರ ತೋರಿಸಿದ್ದ, ಅಣ್ಣಾ, ಡಬ್ಬಿ ಡಬ್ಬಿ ಮಾಡು, ಒಂದರ ಮ್ಯಾಲೊಂದು ಕೂಡಬೇಕು, ಬೇಕಾದಾಗ ಬಿಚ್ಚಾಕ ಬರಬೇಕು, ಮಾಡ್ಯುಲರ್ ಅಂತಾರ ಇದಕ್ಕ. ಬಿಚ್ಚೂದು ಯಾಕಲೇ, ಅಂದರೆ, ಹಬ್ಬಕ್ಕ ಸುಣ್ಣಾ ಬಳ್ಯಾಕ ಸಲೀಸು, ಅಂದ, ಹೌದಲ್ಲ ಅನಿಸಿತು, ಹುಡುಗನಿಗೆ ಮನೆಯ ಮೇಲೆ ಲಕ್ಷ್ಯ ಬಂತೆಂದು ಒಳಗೊಳಗೇ ಹಿಗ್ಗಿದ, ಅಂಟು ಬಿಟ್ಟು ಬರೀ ಸ್ಕ್ರೂ ಹಾಕಿದ. ಹಿಟ್ಟಿನದೊಂದು ಡಬ್ಬಿ, ಹಾಸಿಗೆಯದೊಂದು, ಎಲ್ಲದರ ನೆತ್ತಿಗೆ ದೇವರ ಜಗಲಿ, ಅದರೊಳಗೆ ತಗಡು, ಹಳೇ ಜಗಲಿಯ ಹಲಗೆ ದೀಪಕ್ಕೆ ಸುಟ್ಟು ಕಪ್ಪಗಾಗಿತ್ತಲ್ಲ, ಅವ್ವ ಊರಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಯಲ್ಲವ್ವ ಅದರಲ್ಲಿ ಕೂತಿದ್ದಳು — ನಾ ಸತ್ತ ಮ್ಯಾಲೆ ಜಗಲಿ ಎರಡ ಮಾಡಬ್ಯಾಡ್ರೆಪಾ, ಅಂದಿದ್ದಳು ಅವ್ವ, ಅಣ್ಣತಮ್ಮಂದಿರು ಬೇರೆಯಾದಾಗಲೇ ಅಲ್ಲವೆ ಎರಡನೆಯ ಜಗಲಿ ಹುಟ್ಟುವುದು, ಇಬ್ಬರೂ ಅವಳ ಕೈಮುಟ್ಟಿ ಹೂಂ ಅಂದಿದ್ದರು, ಶರಣನೇ ಮೊದಲು ಅಂದಿದ್ದ.

ಮತ್ತೆ ಇದು, ತೊಡೆಯ ಮೇಲಿನ ಈ ಡಬ್ಬಿ, ಜಗಲಿಯದೇ ಅಳತೆ, ಇದಕ್ಕೂ ತಗಡು ಬಡಿ ಅಣ್ಣಾ, ಸ್ಟೆಬಿಲೈಜರ್ ಇಡೂದು, ಕಾಯ್ತದ ಅದು, ಅಂದಿದ್ದ ಶರಣ. ಬಡಿಯುತ್ತಿದ್ದ, ಮೂಲೆಗಳನ್ನು ಮಡಚಿ, ಕೈಗೆ ತರಚದಂತೆ, ಆಗ ಶರಣನ ಹೆಂಡತಿ ರೂಪಾಲಿ ಚಹಾ ಇಟ್ಟು ಬಗ್ಗಿ ನೋಡಿದಳು, ಮುಂಬೈಯಲ್ಲೇ ಹುಟ್ಟಿದವಳು, ತಡೆತಡೆದು ಕನ್ನಡ, ಬಾವಾರ, ಇದರ ಮುಖ ಪೂರ್ವಕ್ಕ ಬರ್ತದ ನಾ, ಅಲ್ಲಿ ಕಿಡಕಿ ಬಾಜೂಕ ಜಾಗಾ ಅದ. ಅಲ್ಲಿ — ಎಲ್ಲಿ, ಈ ಖೋಲಿಯ ಕಿಡಕಿಯ ಪಕ್ಕ ಪಾತ್ರೆ ತೊಳೆಯುವ ಮೋರಿ ಇದೆ, ಸ್ಟೆಬಿಲೈಜರಿಗೆ ಪೂರ್ವ ಯಾಕೆ, ಎಲ್ಲಿವಾ, ಅಂದ, ಅವಳ ಮುಖ ಇಳಿಯಿತು, ಅಂಧೇರಿಯಾಗ, ನಮ್ಮ ಹೊಸಾ ಖೋಲಿ, ಅವರು ಹೇಳಿಲ್ಲ ನಿಮಗ? ಒಳಗೆ ತನ್ನ ಹೆಂಡತಿ ದಾನವ್ವ ಮೆಂತೆಪಲ್ಯ ಸೋಸುತ್ತಾಳೆ, ತಲೆ ಎತ್ತುವುದಿಲ್ಲ, ತಲೆ ಎತ್ತದ್ದರಿಂದಲೇ ಗೊತ್ತಾಯಿತು, ನಿನಗೂ ಗೊತ್ತಿತ್ತೇನ, ಅಂದ. ದೀಪಾವಳಿಗೆ ಬ್ಯಾರೆ ಹೊಕ್ಕಾರ, ಮೊದಲ ಹೇಳಿದ್ರ ನೀವು ಗರಗಸ ಮುಟ್ತಿದ್ದಿಲ್ಲ, ಅಂದಳು ದಾನವ್ವ, ಉಪ್ಪು ತೀರಿದೆ ಅನ್ನುವ ದನಿಯಲ್ಲೇ.

ಮುಟ್ಟುತ್ತಿರಲಿಲ್ಲ, ನಿಜ — ಅಲ್ಲ, ಮುಟ್ಟುತ್ತಿದ್ದನೇನೋ, ಬಂದು ಎದುರಿಗೆ ಕೂತು ಅಣ್ಣಾ ಬ್ಯಾರೆ ಆಗ್ತೀನಿ ಅಂದಿದ್ದರೆ, ಬೈದು, ಎರಡು ದಿನ ಉಣ್ಣದೆ, ಆಮೇಲೆ ಸಾಗವಾನಿಯಲ್ಲೇ ಮಾಡಿ ಹೊತ್ತು ಕೊಟ್ಟು ಬರುತ್ತಿದ್ದ, ಈಗ ತನ್ನ ಕೈಯಿಂದಲೇ ಅಳೆಸಿ, ತನ್ನ ಕೈಯಿಂದಲೇ ಕೊಯ್ಯಿಸಿ, ಮನೆಯನ್ನೇ ಬಿಚ್ಚಲು ಬರುವ ಹಾಗೆ ಕೂಡಿಸಿಕೊಂಡರಲ್ಲ, ಮನೆಯವರೆಲ್ಲ, ತಾನೊಬ್ಬನನ್ನು ಬಿಟ್ಟು — ಕೊನೆಯ ಮೊಳೆ ತುಟಿಯಲ್ಲಿದೆ, ಕಬ್ಬಿಣದ ರುಚಿ, ಸುತ್ತಿಗೆ ಎತ್ತಿದ ಕೈ ಎತ್ತಿದಲ್ಲೇ, ಎದುರಿಗೆ ಎರಡನೆಯ ಜಗಲಿಯ ತಗಡು, ಇನ್ನೂ ದೀಪದ ಮಸಿ ಹತ್ತದ ತಗಡು, ಒಂದು ಮೂಲೆ ಮೇಲೆದ್ದು ನಿಂತ ತಗಡು