ಇಸ್ತ್ರಿ ಮಾವನ ಫೋನು

ಹದಿನಾಲ್ಕು ವರ್ಷ ಕಾಂಡೋಮ್ ಡಬ್ಬಿ ಹೊತ್ತು ಓಣಿ ಓಣಿ ಸುತ್ತಿದ್ದಕ್ಕೆ ಜನ ಅವಳಿಗೆ ಡಬ್ಬಿ ಅಕ್ಕ ಎಂಬ ಬಿರುದು ಕೊಟ್ಟಿದ್ದರು. ಅವಳನ್ನು ಕೆಲಸಕ್ಕಿಟ್ಟ ಸಂಸ್ಥೆಯವರು ಕೊಟ್ಟ ಬಿರುದು ಬೇರೆ: ‘ಹಳೆಯ ವಿಧಾನ’. ಹೊಸ ವಿಧಾನದ ಹೆಸರು ಸಖಿ. ಫೋನಿನೊಳಗೆ ಕೂತು ಎಚ್‌ಐವಿ ಬಗ್ಗೆ ಏನು ಕೇಳಿದರೂ ಉತ್ತರ ಕೊಡುವ ಈ ಯಂತ್ರಕ್ಕೆ ಹಸಿವಿಲ್ಲ, ಮಂಡಿನೋವಿಲ್ಲ.

“ಜನ ನಿಮ್ಮ ಮುಖ ನೋಡಿ ಹೇಳೋಕೆ ನಾಚ್ಕೋತಾರಮ್ಮ,” ಎಂದರು ಪ್ರಾಜೆಕ್ಟ್ ಸಾರ್. “ಸಖಿಗೆ ಮುಖಾನೇ ಇಲ್ಲ.”

“ಒಳ್ಳೇದಾಯ್ತು ಬಿಡಿ ಸಾರ್, ಉಗಿಸ್ಕೊಳ್ಳೋ ಕಷ್ಟ ಇಲ್ಲ.”

ಎಲ್ಲರಿಗೂ ಸ್ವಂತ ಫೋನು, ಅದನ್ನು ಹಿಡಿದು ಕೂರಲು ಸ್ವಂತ ಕೋಣೆ ಇದ್ದೇ ಇರುತ್ತದೆಂದು ಸಖಿಯನ್ನು ಕಟ್ಟಿದವರು ನಂಬಿದ್ದರು. ದೊಡ್ಡ ಓದು ಓದಿದವರ ನಂಬಿಕೆ, ಅಲ್ಲಾಡಿಸುವುದು ಸುಲಭವಲ್ಲ. ಓಣಿಯಲ್ಲಿ ಅತ್ತೆ ತೆರೆಯದ, ಗಂಡ ತಡಕದ, ಮೈದುನ ಆಟವಾಡದ ಫೋನು ಇದ್ದದ್ದು ಒಂದೇ: ಇಸ್ತ್ರಿ ಮಾವನದು. ಇಡೀ ಓಣಿಯ ಬಟ್ಟೆಯ ಕಲೆಗಳನ್ನು ನೋಡಿದವನು, ಯಾವುದು ಯಾರದೆಂದು ಒಂದು ದಿನವೂ ಬಾಯಿಬಿಟ್ಟವನಲ್ಲ. ಹಾಗಾಗಿ ಬಟ್ಟೆಗೆ ಇಸ್ತ್ರಿ ಆಗುವಷ್ಟರಲ್ಲಿ ಒಬ್ಬೊಬ್ಬರೂ ಅವನ ಫೋನಿನಲ್ಲೇ ಸಖಿಯನ್ನು ಕೇಳಿ, ಕೇಳಿದ್ದನ್ನು ಅಳಿಸಿ ಹೋಗುತ್ತಿದ್ದರು.

ಸಖಿಯ ಪಾಲಿಗೆ ಇವರೆಲ್ಲ ಒಬ್ಬನೇ ಮನುಷ್ಯ. ಸೋಮವಾರ ಬಸುರಿ, ಬುಧವಾರ ಲಾರಿ ಡ್ರೈವರ್, ಶುಕ್ರವಾರ ಎಪ್ಪತ್ತರ ಅಜ್ಜಿ. ಅದಕ್ಕೆ ಅನುಮಾನ ಬರಲಿಲ್ಲ. ಸಾರ್‌ಗೂ ಬರಲಿಲ್ಲ, ‘ಅತ್ಯಂತ ಸಕ್ರಿಯ ಫಲಾನುಭವಿ’ ಎಂದು ಆ ನಂಬರಿಗೊಂದು ಸನ್ಮಾನ ಗೊತ್ತುಮಾಡಿದರು.

ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅಕ್ಕ ಅಂಗಡಿಗೆ ಬಂದಾಗ, ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುವ ಹುಡುಗಿ ಮಾವನ ಫೋನು ಹಿಡಿದು ನಗುತ್ತಿದ್ದಳು. ಅವಳ ಗಂಡನಿಗೆ ಎಚ್‌ಐವಿ ಇತ್ತು, ಅವನು ಮಾತ್ರೆ ಬಿಟ್ಟು ಆರು ತಿಂಗಳಾಗಿತ್ತು. ಅದು ಅಕ್ಕನಿಗೆ ಗೊತ್ತಿತ್ತು.

“ಏನೇ, ಹಲ್ಲು ಕಿಸೀತಿದ್ದೀಯ?”

“ಶನಿವಾರ ರಾತ್ರಿ ಕಾಂಡೋಮ್ ಹರಿದೋಯ್ತಕ್ಕ. ಆವತ್ತಿಂದ ಜೀವ ಕೈಲಿ ಹಿಡ್ಕೊಂಡಿದ್ದೆ. ಸಖಿ ಹೇಳಿದ್ಳು, ನಂಗೇನೂ ಆಗಿಲ್ವಂತೆ!”

ಅಕ್ಕ ಫೋನು ಕಿತ್ತುಕೊಂಡು ಓದಿದಳು: ‘ಕಳೆದ ವಾರದ ನಿಮ್ಮ ಪರೀಕ್ಷೆಯಲ್ಲಿ ಸೋಂಕು ಕಂಡುಬಂದಿಲ್ಲ. ಅಭಿನಂದನೆಗಳು! ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಿ.’

“ಅಯ್ಯೋ, ಪರೀಕ್ಷೆ ಮಾಡಿಸ್ದೋನು ನಾನು ಕಣೇ, ನನ್ನ ನಂಬರಿಗೆ ಬಂದ ರಿಪೋರ್ಟು ಅದು,” ಎಂದ ಮಾವ.

ಹುಡುಗಿಯ ನಗು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಯಿತು.

ಸೋಂಕು ಅಂಟದಂತೆ ತಡೆಯುವ ಮಾತ್ರೆಯನ್ನು ಎಪ್ಪತ್ತೆರಡು ಗಂಟೆಯೊಳಗೆ ಶುರುಮಾಡಬೇಕು. ರಾತ್ರಿಗೆ ಆ ಗಡುವು ಮುಗಿಯುತ್ತಿತ್ತು. ಆಸ್ಪತ್ರೆಯ ಔಷಧದ ಕಿಟಕಿ ನಾಲ್ಕಕ್ಕೇ ಮುಚ್ಚುತ್ತಿತ್ತು. ಅಕ್ಕನ ಮಂಡಿ ಹಳೆಯ ವಿಧಾನದ್ದೇ ಆದರೂ ಆವತ್ತು ಹುಡುಗಿಯನ್ನು ಎಳೆದುಕೊಂಡು ಓಡಿತು. ಡಾಕ್ಟರಮ್ಮ ಚೀಟಿ ಬರೆದರು. ಕಿಟಕಿಯವನು ಮಾತ್ರ ಕೇಳಿದ, “ಸಖಿ ಕೊಟ್ಟ ಟೋಕನ್ ಎಲ್ಲಿ? ಅದಿಲ್ದೆ ಈಗ ಮಾತ್ರೆ ಕೊಡಂಗಿಲ್ಲ.”

“ಸಖಿ ಅಭಿನಂದನೆ ಕೊಟ್ಟವ್ಳೆ, ಅದು ನಡಿಯತ್ತಾ? ಮಾತ್ರೆ ಕೊಡಪ್ಪ. ಇಲ್ಲಾಂದ್ರೆ ಇಲ್ಲೇ ಕೂತು ಹದಿನಾಲ್ಕು ವರ್ಷದ ಕತೆ ಹೇಳ್ತೀನಿ.”

ಎರಡು ನಿಮಿಷ ಕೇಳಿದವನು ಮೂರನೆಯ ನಿಮಿಷಕ್ಕೆ ಕೊಟ್ಟ. ಹುಡುಗಿ ಅಲ್ಲೇ ನಲ್ಲಿಯ ನೀರಿನಲ್ಲಿ ಮೊದಲ ಮಾತ್ರೆ ನುಂಗಿದಳು.

ಇಪ್ಪತ್ತೆಂಟು ದಿನ ತಪ್ಪಿಸುವಂತಿರಲಿಲ್ಲ. ಅತ್ತೆಯ ಕಣ್ಣಿಗೆ ಬೀಳದಿರಲೆಂದು ಮಾತ್ರೆಯ ಡಬ್ಬಿ ಮಾವನ ಅಂಗಡಿಯಲ್ಲೇ ಇತ್ತು. ದಿನಾ ಮಧ್ಯಾಹ್ನ ಮೂರಕ್ಕೆ, ಅವಳು ಪಾಳಿ ಮುಗಿಸಿ ಬರುವ ಹೊತ್ತಿಗೆ, ಮಾವ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: “ನಿನ್ನ ನೀಲಿ ಅಂಗಿ ಆಯ್ತು, ಬಾರೇ!” ಅಕ್ಕ ಅವಳ ಗಂಡನ ಕಿವಿ ಹಿಂಡಿ ಅವನನ್ನೂ ಮತ್ತೆ ಮಾತ್ರೆಗೆ ಹಚ್ಚಿದಳು.

ಮೂರು ತಿಂಗಳಿಗೆ ಬಂದ ವರದಿಯಲ್ಲಿ ಹುಡುಗಿಗೆ ಸೋಂಕಿರಲಿಲ್ಲ. ಸಾರ್ ಬರೆದ ವರದಿಯಲ್ಲಿ ಸಖಿ ಒಂದು ಜೀವ ಉಳಿಸಿತ್ತು.

ಅದೇ ಸಂಜೆ ಹುಡುಗಿ ಮಾವನ ಮೇಜಿನ ಮೇಲೆ ಹೊಚ್ಚಹೊಸ ನೀಲಿ ಅಂಗಿಯೊಂದನ್ನು ಇಟ್ಟಳು.

“ಇದೇನೇ, ನಿಜವಾದ್ದು?”

“ನಿನ್ನೆ ಹೊಲಿದೆ ಮಾವ. ಬೇಗ ಇಸ್ತ್ರಿ ಹಾಕು. ನೀನು ದಿನಾ ಕೂಗ್ತಿದ್ದ ಅಂಗೀನ ಅತ್ತೆ ಇವತ್ತು ನೋಡ್ಲೇಬೇಕಂತೆ.”