ಫಿಯೆಟ್ಟಿನ ಅಡಿಯ ಕಲ್ಲು

"ಮೆಲ್ಲ ಮಾರಾಯ, ಬಾಗಿಲು ಹಿಡಿದು ದೂಡಬೇಡ. ಪೈಂಟ್ ಹೋಗ್ತದೆ" ಎಂದ ನೆರೆಮನೆಯವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಅದು ನೋಣಯ್ಯನ ಮಾತು. ಐದು ವರ್ಷ ಕೇಳಿ ಕೇಳಿ ಬಾಯಿಗೆ ಬಂದಿತ್ತು.

ನಾಲ್ವರು ಸೇರಿ ಹಸಿರು ಫಿಯೆಟನ್ನು ಅಂಗಳದ ಅಂಚಿಗೆ ಸರಿಸಿದರು. ಬಂಟ್ವಾಳದಲ್ಲಿ ಪೋಸ್ಟ್‌ಮಾರ್ಟಂ ಮುಗಿಸಿ ನೋಣಯ್ಯನ ದೇಹ ಹೊರಟಿದೆ ಎಂದು ಫೋನ್ ಬಂದಿತ್ತು. ಮಲಗಿಸಲು ಜಾಗ ಬೇಕಿತ್ತು. ಕಾರು ಇದ್ದಲ್ಲಿ, ಗೋಡೆ ಕಟ್ಟುವ ಮುರಕಲ್ಲಿನ ಕೆಂಪು ಹುಡಿ ಉಳಿಯಿತು. ಜಗಲಿಯಲ್ಲಿ ಕುಳಿತ ಅವನ ಹೆಂಡತಿ ರಾಜೀವಿ ಅದನ್ನೇ ನೋಡುತ್ತಿದ್ದಳು.

"ಅಡಿಗೆ ಮುರಕಲ್ಲು ಕೊಟ್ಟು ಕಾರು ಎತ್ತಿ ನಿಲ್ಲಿಸುವುದಾ? ಅಷ್ಟೂ ತಲೆ ಇಲ್ವಾ ಆ ಬ್ಯಾರಿ ಸುಲೈಮಾನನಿಗೆ?" ಎಂದ ನೋಣಯ್ಯನ ತಮ್ಮ ತುಕ್ರಪ್ಪ. "ಗುಜರಿ ತಂದು ಅಣ್ಣನ ಕುತ್ತಿಗೆಗೆ ಕಟ್ಟಿದ್ದೂ ಅವನೇ. ಬರಲಿ ಇವತ್ತು."

"ಅಪ್ಪನ ಬಾಯಿಗೆ ನೀರು ಬಿಡ್ಲಿಕ್ಕೆ ಅವನನ್ನು ನಾನು ಬಿಡುವುದಿಲ್ಲ" ಎಂದ ಮಗ ವಸಂತ.

ರಾಜೀವಿ ಬಾಯಿ ತೆರೆದಳು. ಪಕ್ಕದಲ್ಲಿದ್ದ ನೆರೆಮನೆಯ ಪೂವಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, "ಅತ್ತುಬಿಡು ಒಮ್ಮೆ" ಎಂದಳು.

*

ನೋಣಯ್ಯ ಮೂಡುಬಿದಿರೆ–ಬಂಟ್ವಾಳ ಬಸ್ಸಿನ ಚಾಲಕನಾಗಿದ್ದ. ಮದುವೆಯಾದ ಹೊಸದರಲ್ಲಿ ರಾಜೀವಿ ಒಂದು ಸಲ ಆ ಬಸ್ಸು ಹತ್ತಿದ್ದಳು. ಡೀಸೆಲ್ ಹೊಗೆಗೆ ವಾಂತಿಯಾಗಿ ನಡುದಾರಿಯಲ್ಲೇ ಇಳಿದು ನಡೆದು ಮನೆಗೆ ಬಂದಿದ್ದಳು. ಮತ್ತೆ ಹತ್ತಲಿಲ್ಲ. ತೊಂಬತ್ತೆಂಟರಲ್ಲಿ ಕೆಲಸ ಬಿಟ್ಟ ಮೇಲೆ, ಸಿದ್ಧಕಟ್ಟೆಯಲ್ಲಿ ಟಿಂಕರಿಂಗ್ ಮಾಡುವ ಗೆಳೆಯ ಸುಲೈಮಾನ್ ಗುಜರಿಯಿಂದ ಈ ಕಾರು ಹುಡುಕಿ ಕೊಟ್ಟ.

ತುಕ್ಕು ಹಿಡಿದ ತಳವನ್ನು ಸುಲೈಮಾನ್ ಕತ್ತರಿಸಿ ಹೊಸ ತಗಡು ಬೆಸೆದ. ನೋಣಯ್ಯ ಪುಟ್ಟಿ ಮೆತ್ತಿ, ನೀರು ಹನಿಸುತ್ತ ಮರಳು ಕಾಗದದಲ್ಲಿ ತಿಂಗಳುಗಟ್ಟಲೆ ಉಜ್ಜಿದ. ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಆಡಿಸಿ ಉಬ್ಬುತಗ್ಗು ಹುಡುಕುತ್ತಿದ್ದ. "ನನ್ನ ಕೆನ್ನೆಯನ್ನು ಒಮ್ಮೆಯಾದರೂ ಹಾಗೆ ಸವರಿದ್ದುಂಟಾ?" ಎಂದು ರಾಜೀವಿ ತಮಾಷೆ ಮಾಡುತ್ತಿದ್ದಳು. ಎಂಜಿನ್ನೂ ಸರಿಯಾಯಿತು. ಉಳಿದದ್ದು ಸೈಲೆನ್ಸರ್ ಮಾತ್ರ. "ಹೊಗೆ ಒಳಗೆ ಬಂದರೆ ನಿನಗೆ ಪುನಃ ವಾಂತಿ. ಅದು ಆಗದೆ ನಿನ್ನನ್ನು ಕೂರಿಸುವುದಿಲ್ಲ" ಎನ್ನುತ್ತಿದ್ದ.

ಸುಲೈಮಾನ್ ಕಾರಿನಡಿಗೆ ಆನಿಸುವ ತನ್ನ ಕಬ್ಬಿಣದ ಸ್ಟ್ಯಾಂಡುಗಳನ್ನು ಶಿರ್ತಾಡಿಯ ಕೆಲಸವೊಂದಕ್ಕೆ ಒಯ್ಯುವಾಗ, "ನಾಳೆ ತರ್ತೇನೆ. ಅಲ್ಲಿವರೆಗೆ ಕಾರಿನ ಅಡಿಗೆ ಹೋಗ್ಬೇಡಿ" ಎಂದಿದ್ದ. ಅವನ ಸ್ಕೂಟರು ತಿರುವು ದಾಟುತ್ತಲೇ ನೋಣಯ್ಯ ಜ್ಯಾಕ್ ತಿರುಗಿಸತೊಡಗಿದ. "ಎರಡು ಬೋಲ್ಟ್ ಬಿಗಿದರೆ ಮುಗೀತು. ಬಾವಿಯ ಹತ್ತಿರ ಮುರಕಲ್ಲು ಉಂಟಲ್ಲ, ತಾ."

ಅವಳು ಒಂದೊಂದಾಗಿ ಅಪ್ಪಿಕೊಂಡು ತಂದಳು. ಮನೆ, ಬಾವಿಕಟ್ಟೆ, ದನದ ಕೊಟ್ಟಿಗೆ ಎಲ್ಲವೂ ನಿಂತಿರುವುದು ಆ ಕಲ್ಲಿನ ಮೇಲೆ. ಅದನ್ನು ಸಂಶಯಿಸುವವರು ಆ ಊರಿನಲ್ಲಿಲ್ಲ. ಆದರೆ ಗೋಡೆಯ ಭಾರ ಕಲ್ಲಿನ ಇಡೀ ಮೈಗೆ ಹರಡಿಕೊಳ್ಳುತ್ತದೆ. ಕಾರಿನ ಭಾರ ಎರಡು ಬೆರಳಗಲದ ಕಬ್ಬಿಣದ ಅಂಚಿನಲ್ಲಿ ಇಳಿದಿತ್ತು. ಅಡಿಗೆಮನೆಯಲ್ಲಿದ್ದ ಅವಳಿಗೆ ತೆಂಗಿನಕಾಯಿ ಬಿದ್ದಂಥ ಸದ್ದು ಕೇಳಿಸಿತು.

*

ದೇಹವನ್ನು ಮೀಯಿಸಿ ಬಾಳೆಲೆಯ ಮೇಲೆ ಮಲಗಿಸಿದ್ದರು. ಒಬ್ಬೊಬ್ಬರಾಗಿ ತುಳಸಿಯೆಲೆಯಿಂದ ಬಾಯಿಗೆ ನೀರು ಬಿಡುತ್ತಿದ್ದರು. ಸುಲೈಮಾನ್ ಬಂದು ಸಾಲಿನ ಕೊನೆಗೆ ನಿಂತ.

ವಸಂತ ಅವನ ಕಾಲರಿಗೆ ಕೈ ಹಾಕಿದ. "ಎಂತ ಕಲ್ಲು ಇಟ್ಟದ್ದು ನೀನು?"

"ಕಲ್ಲು? ನಾನು ಸ್ಟ್ಯಾಂಡ್..." ಸುಲೈಮಾನನ ಕಣ್ಣು ಕೆಂಪು ಹುಡಿಯ ಮೇಲೆ ಬಿತ್ತು.

ರಾಜೀವಿ ಎದ್ದಳು. "ಬಿಡು ಅವರನ್ನು. ಅಪ್ಪ ಕೇಳಿದ್ರು, ಕಲ್ಲು ತಂದುಕೊಟ್ಟದ್ದು ನಾನು."

ವಸಂತನ ಹಿಡಿ ಸಡಿಲಿತು. ಸುಲೈಮಾನನ ಮೇಲಿದ್ದ ನೋಟವನ್ನು ಹಾಗೆಯೇ, ಒಂದಿಷ್ಟೂ ತಣಿಯದಂತೆ, ಅವನು ತಾಯಿಯ ಕಡೆಗೆ ತಿರುಗಿಸಿದ. "ನೀನಾ?" ಎಂದ.

ಸುಲೈಮಾನ್ ಆ ನೋಟವನ್ನು ಕಂಡ.

"ಅಕ್ಕನಿಗೆ ತಲೆ ಸರಿ ಇಲ್ಲ ಈಗ" ಎಂದ ಅವನು. "ಕಲ್ಲು ಇಟ್ಟು ಹೋದದ್ದು ನಾನೇ."

"ಇಲ್ಲ! ಅವರು ಸುಳ್ಳು..."

"ಸುಮ್ಮನಿರಿ ಅಕ್ಕ."

ಎಲ್ಲರಿಗೂ ಉಸಿರು ಬಂದಂತಾಯಿತು. "ಪಾಪ, ದುಃಖದಲ್ಲಿ ಏನೇನೋ ಹೇಳ್ತಾಳೆ" ಎಂದು ಪೂವಮ್ಮ ಅವಳನ್ನು ಬಲವಾಗಿ ಹಿಡಿದು ಕೂರಿಸಿದಳು. ವಸಂತ ಹೊಡೆದ. ಸುಲೈಮಾನ್ ಕೈ ಎತ್ತಲಿಲ್ಲ.

"ನಾಳೆ ಪೊಲೀಸರು ಪುನಃ ಬರ್ತಾರೆ. ಅವರ ಹತ್ರವೂ ಹೀಗೇ ಹೇಳು" ಎಂದ ತುಕ್ರಪ್ಪ.

"ಹೇಳ್ತೇನೆ" ಎಂದು ಸುಲೈಮಾನ್ ನೀರು ಬಿಡದೆ ಹೊರಟುಹೋದ.

ಸಂಜೆ ಗುಡ್ಡದ ಬದಿಯಲ್ಲಿ ಬೆಂಕಿ ತಗ್ಗಿತು. ಜನ ಬಾವಿಯ ಬಳಿ ಮಿಂದು, ತಂತಮ್ಮ ಮೆಟ್ಟು ಹುಡುಕಿಕೊಂಡು ಹೊರಟರು. ಮೆಟ್ಟಿಲ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಉಳಿಯಿತು. ಪಟ್ಟಿಯ ಮೇಲೆ ಅಲ್ಲಲ್ಲಿ ಬೆಸುಗೆಯ ಕಿಡಿ ಸುಟ್ಟ ಕಪ್ಪು ಚುಕ್ಕೆಗಳು.

"ಅವನದ್ದೇ. ಬಿಸಾಡು ಆಚೆ" ಎಂದ ತುಕ್ರಪ್ಪ.

ರಾಜೀವಿ ಇಳಿದು ಬಂದು ಅವೆರಡನ್ನೂ ಎತ್ತಿಕೊಂಡಳು.

"ಅಮ್ಮ, ಎಲ್ಲಿಗೆ? ಇವತ್ತು ನೀನು ಹೊರಗೆ ಹೋಗ್ಲಿಕ್ಕಿಲ್ಲ. ಅಮ್ಮ!"

ಸಿದ್ಧಕಟ್ಟೆಯ ರಸ್ತೆಯಲ್ಲಿ, ಸಾವಿನ ಮನೆಯಿಂದ ಮರಳುತ್ತಿದ್ದವರು ಮಾತು ನಿಲ್ಲಿಸಿ ಬದಿಗೆ ಸರಿದರು. ಅವಳು ಯಾರ ಮುಖವನ್ನೂ ನೋಡದೆ, ಬರಿಗಾಲಲ್ಲಿ, ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಅವರ ನಡುವಿನಿಂದ ನಡೆದಳು.